ಸ್ವಿಟ್ಜರ್‌ಲ್ಯಾಂಡ್ ಯಾಕೆ? ಕಿಕ್ಕೇರಿಗೆ ಒಂದು ಟಿಕೆಟ್ ಕೊಡಿ, ಕಂಡಕ್ಟರ್!

ಹೀರೋ-ಹೀರೋಯಿನ್ ಮದ್ದೂರಿನ ಸಂತೆಯಲ್ಲೋ ಮಳವಳ್ಳಿಯ ಬಸ್ಸಿನಲ್ಲೋ ಕಣ್ಣು ಕಣ್ಣು ಕಲೆಸುತ್ತಾರೆ. ಹಿನ್ನೆಲೆಯಲ್ಲಿ ಪಿಟೀಲು ಮೊಳಗುತ್ತದೆ. ನಾವು ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಇಬ್ಬರೂ ಹಿಮದ ಬೆಟ್ಟದ ಬುಡದಲ್ಲಿ, ನೀಲಿ ಸರೋವರದ ದಂಡೆಯಲ್ಲಿ! ಹೀರೋ ಮೈಮೇಲೆ ದಪ್ಪನೆ ಉಣ್ಣೆ ಕೋಟು. ಪಾಪ, ಹೀರೋಯಿನ್ ಮೈಮೇಲೆ ಮಾತ್ರ ತೆಳ್ಳನೆ ಷಿಫಾನ್ ಸೀರೆ. ಈ ಚಳಿಯ ಲೆಕ್ಕವನ್ನು ಇದುವರೆಗೆ ಯಾವ ನಿರ್ದೇಶಕರೂ ನನಗೆ ಬಿಡಿಸಿ ಹೇಳಿಲ್ಲ.

ಈ ಚಟ ಹಚ್ಚಿದವರು ಹಿಂದಿಯವರು. ರಾಜ್ ಕಪೂರ್ 1964ರ 'ಸಂಗಂ' ಚಿತ್ರಕ್ಕೆ ಯೂರೋಪು ಸುತ್ತಿ ಬಂದರು. ಯಶ್ ಚೋಪ್ರಾ 1989ರಲ್ಲಿ 'ಚಾಂದನಿ'ಯನ್ನು ಆಲ್ಪ್ಸ್ ಬೆಟ್ಟಗಳಿಗೆ ಕರೆದೊಯ್ದರು. ಆಮೇಲೆ ಅವರಿಗೆ ಅಲ್ಲಿಂದ ವಾಪಸು ಬರುವ ಮನಸ್ಸೇ ಆಗಲಿಲ್ಲ ಅನ್ನಿ! ಎಷ್ಟು ಸಲ ಹೋದರೆಂದರೆ ಅಲ್ಲಿನ ಲೌಯೆನೆನ್ ಎಂಬ ಸರೋವರಕ್ಕೆ 'ಚೋಪ್ರಾ ಲೇಕ್' ಎಂದೇ ಅಡ್ಡಹೆಸರು ಬಿತ್ತು. 2016ರಲ್ಲಿ ಇಂಟರ್‌ಲಾಕೆನ್ ಊರಿನಲ್ಲಿ ಅವರ ಕಂಚಿನ ಪ್ರತಿಮೆಯನ್ನೇ ನಿಲ್ಲಿಸಿದರು. ಒಬ್ಬ ಸಿನಿಮಾದವನಿಗೆ ಪರದೇಶದವರು ಪ್ರತಿಮೆ ನಿಲ್ಲಿಸುತ್ತಾರೆಂದರೆ ಅವನು ತಂದುಕೊಟ್ಟ ಪ್ರವಾಸಿಗಳ ದುಡ್ಡು ಎಷ್ಟಿರಬೇಕು, ನೀವೇ ಅಂದಾಜು ಮಾಡಿ.

ಆದರೆ ಅದೇ ಆಲ್ಪ್ಸ್ ಸಾಲಿನಲ್ಲಿ ಇನ್ನೊಂದು ಕಥೆಯೂ ಇದೆ. ಅದನ್ನು ನಮ್ಮ ಗಾಂಧಿನಗರದವರು ಕೇಳಿದ್ದಾರೋ ಇಲ್ಲವೋ ಕಾಣೆ.

ಆಸ್ಟ್ರಿಯಾ ದೇಶದಲ್ಲಿ ಹಾಲ್‌ಸ್ಟಾಟ್ ಅಂತ ಒಂದು ಪುಟ್ಟ ಊರು. ಒಂದು ಕಡೆ ಕಡಿದಾದ ಬೆಟ್ಟ, ಇನ್ನೊಂದು ಕಡೆ ಸರೋವರ, ನಡುವೆ ಒತ್ತೊತ್ತಾಗಿ ಮರದ ಮನೆಗಳು. ಜನಸಂಖ್ಯೆ ಎಂಟುನೂರಕ್ಕೂ ಕಮ್ಮಿ. ಬೆಟ್ಟದೊಳಗೆ ಸಾವಿರಾರು ವರ್ಷ ಹಳೆಯ ಉಪ್ಪಿನ ಗಣಿ. ಊರಿನ ಸ್ಮಶಾನ ಎಷ್ಟು ಚಿಕ್ಕದೆಂದರೆ, ಹಳೇ ಹೆಣದ ಮೂಳೆ ತೆಗೆದು ಹೊಸಬರಿಗೆ ಜಾಗ ಮಾಡುತ್ತಿದ್ದರಂತೆ. ತೆಗೆದ ತಲೆಬುರುಡೆಯ ಮೇಲೆ ಹೂವಿನ ಚಿತ್ರ ಬರೆದು, ಹೆಸರು ಬರೆದು, ಸಾಲಾಗಿ ಜೋಡಿಸಿ ಇಟ್ಟಿದ್ದಾರೆ! 1997ರಲ್ಲಿ ಯುನೆಸ್ಕೋದವರು ಆ ಸೀಮೆಯನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದರು. ಅಲ್ಲಿಯತನಕ ಸರಿ. 2006ರಲ್ಲಿ ಕೊರಿಯಾದ ಒಂದು ಟಿವಿ ಧಾರಾವಾಹಿಯವರು ಅಲ್ಲಿ ಶೂಟಿಂಗ್ ಮಾಡಿದರು ನೋಡಿ, ಜಾತ್ರೆ ಶುರು! ಏಷ್ಯಾದ ಜನ ಬಸ್ಸುಗಟ್ಟಲೆ ಬಂದಿಳಿದರು. ಚೀನಾದವರಂತೂ ಇಡೀ ಊರಿನ ನಕಲನ್ನೇ ತಮ್ಮ ದೇಶದಲ್ಲಿ ಕಟ್ಟಿ 2012ರಲ್ಲಿ ಬಾಗಿಲು ತೆರೆದರು. ಕೊನೆಗೆ 2023ರಲ್ಲಿ ಸೆಲ್ಫಿ ಕಾಟ ತಾಳಲಾರದೆ ಹಾಲ್‌ಸ್ಟಾಟಿನಲ್ಲಿ ಸರೋವರಕ್ಕೆ ಅಡ್ಡಲಾಗಿ ಮರದ ಬೇಲಿ ನಿಂತಿತು! ಬೈಗುಳ ಬಂದಮೇಲೆ ತೆಗೆದರು ಅನ್ನಿ. ಆದರೂ ಯೋಚಿಸಿ. ತನ್ನ ಊರಿನ ಚೆಲುವಿಗೆ ತಾನೇ ಬೇಲಿ ಹಾಕಿಕೊಳ್ಳುವ ಗತಿ!

ಇದನ್ನು ಓದಿದಾಗಿನಿಂದ ನನ್ನ ತಲೆಯಲ್ಲಿ ಒಂದು ಹುಳ ಕೊರೆಯುತ್ತಿತ್ತು. ಬೆಟ್ಟ, ನೀರು, ಹಳೇ ಕಲ್ಲು ಮೂರೂ ಒಟ್ಟಿಗಿರುವ ಊರು ನಮ್ಮ ಮಂಡ್ಯ ಸೀಮೆಯಲ್ಲಿ ಇಲ್ಲವೇ? ಇದ್ದರೆ ಅಲ್ಲಿ ಕ್ಯಾಮೆರಾ ಏನು ಮಾಡಿದೆ, ಏನು ಮಾಡಿಲ್ಲ? ನನ್ನ ಹತ್ತಿರ ಪಾಸ್‌ಪೋರ್ಟ್ ಇಲ್ಲ, ಬಸ್ ಚಾರ್ಜಿಗೆ ಕಾಸಿತ್ತು. ಹೊರಟೆ.

ಫಾರಿನ್ ಬೇಕಾದರೆ 'ಫ್ರೆಂಚ್ ರಾಕ್ಸ್' ಇದೆಯಲ್ಲ!

ಮೊದಲು ಇಳಿದದ್ದು ಪಾಂಡವಪುರ. ಫಾರಿನ್ ಫಾರಿನ್ ಎಂದು ಬಾಯಿಬಿಡುವ ನಿರ್ಮಾಪಕ ಮಹಾಶಯರಿಗೆ ಒಂದು ಗುಟ್ಟು ಹೇಳುತ್ತೇನೆ. ಈ ಊರಿನ ಹಳೇ ಹೆಸರುಗಳಲ್ಲಿ ಒಂದು ಹಿರೋಡೆ, ಇನ್ನೊಂದು ಫ್ರೆಂಚ್ ರಾಕ್ಸ್! ಹೈದರಾಲಿ, ಟಿಪ್ಪು ಸುಲ್ತಾನರ ಕೈಕೆಳಗೆ ಕೆಲಸಕ್ಕಿದ್ದ ಫ್ರೆಂಚ್ ಸಿಪಾಯಿಗಳು ಇಲ್ಲಿನ ಬಂಡೆಗಳ ಬುಡದಲ್ಲಿ ಬೀಡು ಬಿಟ್ಟಿದ್ದರು. ಕುಂತಿಬೆಟ್ಟದ ಬಂಡೆಗಳನ್ನು ನೋಡಿದರೆ ಹೆಸರು ಯಾಕೆ ಬಂತೆಂದು ಯಾರೂ ಹೇಳಬೇಕಾಗಿಲ್ಲ.

ಅಲ್ಲಿಂದ ಮುಂದೆ ತೊಣ್ಣೂರು ಕೆರೆ. ಇದನ್ನು ಕೆರೆ ಅನ್ನೋದು ನಮ್ಮ ಜನರ ದೊಡ್ಡತನ, ಬೇರೆಯವರಾದರೆ ಸಮುದ್ರ ಎನ್ನುತ್ತಿದ್ದರು. ಎರಡು ಕಲ್ಲುಬೆಟ್ಟಗಳ ನಡುವೆ ಏರಿ ಕಟ್ಟಿ ನೀರು ಹಿಡಿದಿದ್ದಾರೆ. ರಾಮಾನುಜಾಚಾರ್ಯರು ಇದಕ್ಕೆ ತಿರುಮಲಸಾಗರ ಎಂದು ಹೆಸರಿಟ್ಟರೆಂದು ಪ್ರತೀತಿ. 18ನೇ ಶತಮಾನದಲ್ಲಿ ಹೈದರಾಬಾದಿನ ನಿಜಾಮನ ಮಗ ನಾಸಿರ್ ಜಂಗ್ ಇಲ್ಲಿಗೆ ಬಂದವನು ನೀರಿನ ತಿಳಿಯನ್ನು ನೋಡಿ ಮರುಳಾಗಿ 'ಮೋತಿ ತಾಲಾಬ್', ಮುತ್ತಿನ ಕೆರೆ ಎಂದನಂತೆ. ನಾನೂ ಬಗ್ಗಿ ನೋಡಿದೆ. ಮುತ್ತು ಕಾಣಲಿಲ್ಲ, ತಳದ ಕಲ್ಲು ಮಾತ್ರ ಒಂದೊಂದೂ ಎಣಿಸುವ ಹಾಗೆ ಕಾಣುತ್ತಿತ್ತು. ಹುಡುಗರೇ, ತಿಳಿ ಇದೆಯೆಂದು ಈಜಲು ಧುಮುಕಬೇಡಿ, ಒಳಗೆ ಬಲು ಆಳ.

ಕೆರೆಯ ಕೆಳಗೆ ಊರು. ನಂಬಿನಾರಾಯಣನ ಗುಡಿ, ಅದರೆದುರಿಗೆ ಗೋಪಾಲಕೃಷ್ಣನ ಗುಡಿ, ಎತ್ತರದಲ್ಲಿ ಯೋಗಾನರಸಿಂಹ. ರಾಮಾನುಜರು ಪರದೆಯ ಹಿಂದೆ ಆದಿಶೇಷನ ರೂಪ ತಾಳಿ ಸಾವಿರ ನಾಲಗೆಯಿಂದ ವಾದಿಸಿ ಗೆದ್ದ ಕಥೆ ನಡೆದದ್ದು ಇಲ್ಲೇ ಅನ್ನುತ್ತಾರೆ. ಸಾವಿರ ಡೈಲಾಗು ಒಟ್ಟಿಗೆ! ಇಂಥ ಡಬ್ಬಲ್ ಆ್ಯಕ್ಟಿಂಗ್ ನಮ್ಮ ಯಾವ ಸ್ಟಾರಿಗೂ ಸಿಕ್ಕಿಲ್ಲ. ಅದೇ ಊರಿನಲ್ಲಿ 1358ರದೆಂದು ಹೇಳುವ ಸಾಲಾರ್ ಮಸೂದನ ಗೋರಿಯೂ ಇದೆ. ಹತ್ತಿರದ ಚಿನಕುರಳಿಯಲ್ಲಿ 1771ರಲ್ಲಿ ಮರಾಠರ ದಂಡು ಹೈದರಾಲಿಯ ಸೈನ್ಯವನ್ನು ಅಟ್ಟಾಡಿಸಿ ಹೊಡೆದಿತ್ತು. ಹೈದರಾಲಿ ಸೋತ ಕಥೆ ಯಾರೂ ಸಿನಿಮಾ ಮಾಡೋದಿಲ್ಲ ಬಿಡಿ.

ಬಂದವರಲ್ಲಿ ಮುಕ್ಕಾಲು ಪಾಲು ಜನ ಕೆರೆಯ ದಂಡೆಯಲ್ಲೇ ನಿಂತು ರೀಲ್ಸ್ ಮಾಡಿಕೊಂಡು ಚುರುಮುರಿ ಪೊಟ್ಟಣ ಅಲ್ಲೇ ಎಸೆದು ಹೋಗುತ್ತಿದ್ದರು. ಗುಡಿಗಳ ಕಡೆ ತಲೆ ಹಾಕಿದವರು ನಾನು, ಒಂದು ಮುದಿ ದಂಪತಿ, ಒಂದು ಕರು.

ಅಮ್ಮು ಹುಟ್ಟಿದ ಊರಿನಲ್ಲಿ

ಮೇಲುಕೋಟೆಯ ಬಗ್ಗೆ ಹೆಚ್ಚಿಗೆ ಹೇಳಬೇಕಾಗಿಲ್ಲ. ಪುಳಿಯೋಗರೆ, ವೈರಮುಡಿ, ಪು.ತಿ.ನ. ಹುಟ್ಟಿದ ಊರು, ಎಲ್ಲ ನಿಮಗೆ ಗೊತ್ತಿದ್ದದ್ದೇ. ಸಿನಿಮಾ ಪ್ರಿಯರಿಗೆ ಒಂದು ಮಾತು ಮಾತ್ರ ನೆನಪಿಸುತ್ತೇನೆ. ತಮಿಳುನಾಡನ್ನು ಆಳಿದ ಜಯಲಲಿತಾ 1948ರ ಫೆಬ್ರವರಿ 24ರಂದು ಹುಟ್ಟಿದ್ದು ಈ ಬೆಟ್ಟದ ಮೇಲೆ. ನಾಯಕಿಯಾಗಿ ಮೊದಲು ಬೆಳಗಿದ್ದು ಕನ್ನಡದಲ್ಲೇ, ಬಿ.ಆರ್. ಪಂತುಲು ಅವರ 1964ರ 'ಚಿನ್ನದ ಗೊಂಬೆ'ಯಲ್ಲಿ ಕಲ್ಯಾಣ್ ಕುಮಾರ್ ಜೊತೆ.

ಇಲ್ಲಿನ ಕಲ್ಯಾಣಿ, ಅರ್ಧಕ್ಕೇ ನಿಂತ ರಾಯಗೋಪುರದ ನಾಲ್ಕು ಎತ್ತರದ ಕಂಬಗಳು ಕ್ಯಾಮೆರಾಗಳಿಗೆ ಕರತಲಾಮಲಕ. ಮಣಿರತ್ನಂ 2007ರ 'ಗುರು' ಚಿತ್ರಕ್ಕೆ ಐಶ್ವರ್ಯಾ ರೈ ಅವರನ್ನು ಮಳೆಯಲ್ಲಿ ಕುಣಿಸಿದ ಹಾಡಿನ ಒಂದು ಭಾಗ ಇಲ್ಲೇ ತೆಗೆದದ್ದು. ಕುಣಿದು ಹೋದರು, ಗೋಪುರ ನಿಂತಲ್ಲೇ ನಿಂತಿತು, ಯಾರಿಗೂ ನಷ್ಟವಿಲ್ಲ. ಆದರೆ 2022ರಲ್ಲಿ ಒಂದು ತೆಲುಗು ಚಿತ್ರಕ್ಕಾಗಿ ರಾಯಗೋಪುರದ ಹತ್ತಿರ ಬಾರಿನ ಸೆಟ್ ಎದ್ದಿತು. ಊರವರು, ಭಕ್ತರು ರೊಚ್ಚಿಗೆದ್ದರು, ಪೇಪರಿನಲ್ಲಿ ಬಂತು. ನೂರಾರು ವರ್ಷದ ಕಲ್ಲಿನ ಬುಡದಲ್ಲಿ ಪ್ಲೈವುಡ್ಡಿನ ಬಾರು! ಸೆಟ್ ಹಾಕಲು ಇಡೀ ಕರ್ನಾಟಕದಲ್ಲಿ ಬೇರೆ ಜಾಗವೇ ಇರಲಿಲ್ಲವೇ? ಕೋಪ ಮಾಡಿಕೊಂಡವರ ಪರವಾಗಿಯೇ ನಾನು.

ಅಂದರೆ ಕ್ಯಾಮೆರಾ ನೋಡಿದ ಊರಿನ ಪಾಡು ಇದು. ಕ್ಯಾಮೆರಾ ಸರಿಯಾಗಿ ನೋಡದ ಊರು ಹೇಗಿರುತ್ತದೆ? ಅದನ್ನು ಹುಡುಕಿಕೊಂಡು ಬೆಟ್ಟ ಇಳಿದು ಕೆ.ಆರ್.ಪೇಟೆಗೆ ಬಂದೆ.

ಏಳುನೂರೈವತ್ತು ವರ್ಷದ ರೀಲು

ಕೃಷ್ಣರಾಜಪೇಟೆಗೆ ಮೊದಲು ಅತ್ತಿಕುಪ್ಪೆ ಎಂದು ಹೆಸರು. ಬಸ್ ಸ್ಟ್ಯಾಂಡ್ ಪಕ್ಕ ಮುದ್ದೆ, ಬಸ್ಸಾರು ಹೊಡೆದು, ಒಂದು ರೂಮಿನಲ್ಲಿ ಸೊಳ್ಳೆಗಳ ಜೊತೆ ರಾತ್ರಿ ಕಳೆದೆ. ಬೆಳಿಗ್ಗೆ ಎದ್ದು ಆಟೋ ಹಿಡಿದರೆ ಹೊಸಹೊಳಲು ಎರಡು ಮಾತಾಡುವಷ್ಟರಲ್ಲಿ ಸಿಕ್ಕಿಬಿಡುತ್ತದೆ.

ಇಲ್ಲಿನ ಲಕ್ಷ್ಮೀನಾರಾಯಣನ ಗುಡಿ ಹೊಯ್ಸಳ ವೀರ ಸೋಮೇಶ್ವರನ ಕಾಲದ್ದು, ಸುಮಾರು 1250ರದು. ಮೂರು ಗರ್ಭಗುಡಿಯ ತ್ರಿಕೂಟ. ಒಳಗಿನ ಕಂಬಗಳು ಕನ್ನಡಿಯ ಹಾಗೆ ಹೊಳೆಯುತ್ತವೆ. ಆದರೆ ಸಿನಿಮಾ ಹುಚ್ಚಿನವರು ನೋಡಬೇಕಾದದ್ದು ಹೊರಗಿನ ಗೋಡೆಯನ್ನು. ಜಗಲಿಯ ಮೇಲೆ ನಿಂತರೆ ಗೋಡೆಯ ಬುಡದಲ್ಲಿ ಪಟ್ಟಿ ಮೇಲೆ ಪಟ್ಟಿ. ಕೆಳಗೆ ಆನೆ, ಅದರ ಮೇಲೆ ಕುದುರೆ ಸವಾರರು, ಬಳ್ಳಿ, ಆಮೇಲೆ ರಾಮಾಯಣ, ಮಹಾಭಾರತ, ಭಾಗವತದ ಕಥೆ, ಅದರ ಮೇಲೆ ಮಕರ, ಹಂಸ. ಪ್ರದಕ್ಷಿಣೆ ಹಾಕಿಕೊಂಡು ಬನ್ನಿ, ಸೀನು ಆದಮೇಲೆ ಸೀನು ಬಿಚ್ಚಿಕೊಳ್ಳುತ್ತದೆ. ರಾಮ ಬಾಣ ಬಿಡುವುದು ಒಂದು ಫ್ರೇಮು, ಕಪಿಗಳು ಕಲ್ಲು ಹೊರುವುದು ಇನ್ನೊಂದು. ಲೂಮಿಯೇರ್ ಸಹೋದರರು ಪ್ಯಾರಿಸ್ಸಿನಲ್ಲಿ ಟಿಕೆಟ್ ಇಟ್ಟು ಸಿನಿಮಾ ತೋರಿಸಿದ್ದು 1895ರಲ್ಲಿ. ಅದಕ್ಕೆ ಆರುನೂರು ವರ್ಷಕ್ಕೂ ಮೊದಲೇ ನಮ್ಮ ಶಿಲ್ಪಿಗಳು ರೀಲು ಸುತ್ತಿ ಗುಡಿಗೆ ಕಟ್ಟಿಬಿಟ್ಟಿದ್ದಾರೆ! ಒಂದೇ ವ್ಯತ್ಯಾಸ, ಇಲ್ಲಿ ರೀಲು ಓಡುವುದಿಲ್ಲ, ನೋಡುವವನೇ ಓಡಬೇಕು.

2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ಗುಡಿಗಳು ಯುನೆಸ್ಕೋ ಪಟ್ಟಿ ಸೇರಿದವು. ಹೊಸಹೊಳಲು ಸೇರಲಿಲ್ಲ. ನಾನು ಅಲ್ಲಿದ್ದ ಎರಡು ಗಂಟೆಯಲ್ಲಿ ನನ್ನನ್ನು ಬಿಟ್ಟರೆ ಬಂದದ್ದು ಹೊಸದಾಗಿ ಮದುವೆಯಾದ ಒಂದು ಜೋಡಿ. ಅವರಿಗೂ ಗೋಡೆಗಿಂತ ಒಬ್ಬರನ್ನೊಬ್ಬರು ನೋಡುವುದರಲ್ಲೇ ಆಸಕ್ತಿ. ಅದೂ ತಪ್ಪೇನಲ್ಲ ಬಿಡಿ!

ಕೆರೆ ದಂಡೆಯ ಕಿಕ್ಕೇರಿ

ಕೆ.ಆರ್.ಪೇಟೆಯಿಂದ ಚನ್ನರಾಯಪಟ್ಟಣದ ದಾರಿ ಹಿಡಿದರೆ ಹದಿಮೂರು ಹದಿನಾಲ್ಕು ಕಿಲೋಮೀಟರಿಗೆ ಕಿಕ್ಕೇರಿ. ಶ್ರವಣಬೆಳಗೊಳಕ್ಕೆ ಹೋಗುವ ಪ್ರವಾಸಿ ಬಸ್ಸುಗಳು ಇದೇ ದಾರಿಯಲ್ಲಿ ಧೂಳೆಬ್ಬಿಸಿಕೊಂಡು ಹೋಗುತ್ತವೆ. ನಿಲ್ಲಿಸಿದರೆ ಟೀಗೆ, ಇಲ್ಲದಿದ್ದರೆ ಅದೂ ಇಲ್ಲ. ಕಂಡಕ್ಟರ್ ನನ್ನನ್ನು ಕೇಳಿದ: "ಕಿಕ್ಕೇರೀಲಿ ಯಾರವ್ರೆ ನಿಮ್ಗೆ?" ಯಾರೂ ಇಲ್ಲ ಅಂದೆ. "ಮತ್ಯಾಕೆ ಇಳೀತೀರಿ?" ಅಂದ. ನ್ಯಾಯವಾದ ಪ್ರಶ್ನೆ.

ಊರಿಗೆ ಅಂಟಿಕೊಂಡೇ ಕೆರೆ. ಹಿಮವಿಲ್ಲ, ನೀಲಿಯಿಲ್ಲ. ಮಧ್ಯಾಹ್ನದ ಬಿಸಿಲಿಗೆ ಹಿತ್ತಾಳೆ ತಟ್ಟೆಯ ಹಾಗೆ ಮಿನುಗುವ ನೀರು, ಏರಿಯ ಮೇಲೆ ಜಾಲಿ, ಕೊಕ್ಕರೆ, ಆಚೆ ಗದ್ದೆ. ಏರಿಯ ಮೇಲೆ ಆಡು ಮೇಯಿಸುತ್ತಿದ್ದ ಒಬ್ಬ ತಾತ ನನ್ನ ಹೆಗಲ ಚೀಲ ನೋಡಿ, "ಸಿನ್ಮಾದೋರಾ?" ಅಂದರು.

"ಸಿನಿಮಾ ವಿಚಾರ ಬರೆಯೋನು ತಾತ. ಶೂಟಿಂಗ್ ಬಂದಿತ್ತಾ ಇಲ್ಲಿಗೆ?"

"ನಂಗೇನಪ್ಪಾ ಗೊತ್ತು! ಕೆರೆ ತುಂಬಿ ಕೋಡಿ ಬಿದ್ರೆ ಊರೋರೆಲ್ಲಾ ಬಂದು ನಿಂತ್ಕೊಂಡು ನೋಡ್ತೀವಿ. ನಮಗೆ ಅದೇ ಸಿನ್ಮಾ."

ಬ್ರಹ್ಮೇಶ್ವರನ ಗುಡಿ ಇರುವುದು ಈ ಕೆರೆಗೆ ಹತ್ತಿರದಲ್ಲೇ. ಹೊಸಹೊಳಲಿನ ಆರ್ಭಟ ಇಲ್ಲಿಲ್ಲ. ಒಂದೇ ಗರ್ಭಗುಡಿ, ನವರಂಗ, ಎದುರಿಗೆ ನಂದಿಮಂಟಪ. ಗುಡಿಯೊಳಗೆ ಕಾಲಿಟ್ಟು ಕಣ್ಣು ಕತ್ತಲಿಗೆ ಹೊಂದಿಕೊಳ್ಳುವತನಕ ಸುಮ್ಮನೆ ನಿಲ್ಲಬೇಕು. ಆಮೇಲೆ ತಲೆ ಎತ್ತಿದರೆ, ಕಂಬಗಳ ನೆತ್ತಿಯಿಂದ ಮದನಿಕೆಯರು ಬಾಗಿ ನೋಡುತ್ತಿದ್ದಾರೆ! ಬೇಲೂರಿನ ಮದನಿಕೆಯರನ್ನು ಹೊರಗಿನ ಬೆಳಕಿನಲ್ಲಿ ಎಲ್ಲರೂ ನೋಡಿದ್ದಾರೆ. ಇವರು ಒಳಗಿನವರು, ನಾಚಿಕೆಯವರು. ಹುಡುಕಿಕೊಂಡು ಬಂದವನಿಗೆ ಮಾತ್ರ ಮುಖ ತೋರಿಸುತ್ತಾರೆ.

ಗುಡಿಯ ಆವರಣದಲ್ಲಿ ಇಬ್ಬರು ಹುಡುಗರು ಮೊಬೈಲು ನೋಡುತ್ತಾ ಕೂತಿದ್ದರು. ಇದನ್ನು ಕಟ್ಟಿಸಿದ್ದು ಯಾರು ಗೊತ್ತೇನ್ರಪ್ಪಾ ಎಂದು ಕೇಳಿದೆ.

"ಜಕಣಾಚಾರಿ ಸಾ."

ಪಾಪ ಜಕಣಾಚಾರಿ! ಕರ್ನಾಟಕದ ಹಳೇ ಕಲ್ಲೆಲ್ಲಾ ಅವನ ತಲೆಗೇ ಕಟ್ಟುತ್ತೇವೆ. ಈ ಗುಡಿಯನ್ನು ಕಟ್ಟಿಸಿದ್ದು 1171ರಲ್ಲಿ, ಹೊಯ್ಸಳ ಒಂದನೇ ನರಸಿಂಹನ ಕಾಲದಲ್ಲಿ, ಬಮ್ಮವೆ ನಾಯಕಿತಿ ಎಂಬ ಹೆಂಗಸು. ಹೇಳಿದಾಗ ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಹೆಂಗ್ಸಾ?" ಅಂದ ಒಬ್ಬ. ಹೌದು ಕಣಪ್ಪ, ಹೆಂಗಸೇ. ಎಂಟುನೂರೈವತ್ತು ವರ್ಷದ ಹಿಂದೆ ಈ ಕೆರೆಯೂರಿನಲ್ಲಿ ಕಲ್ಲು ಹೊರಿಸಿ, ಶಿಲ್ಪಿಗಳನ್ನು ಕರೆಸಿ, ಕೂಲಿ ಕೊಟ್ಟು, ಈ ಮದನಿಕೆಯರನ್ನು ಮಾಡಿಸಿದ ಹೆಂಗಸು. ಅವಳ ಮೇಲೆ ಒಂದು ಸಿನಿಮಾ ಇಲ್ಲ, ನಾಟಕ ಇಲ್ಲ, ನಾನು ಕೇಳಿದ ಹತ್ತು ಜನರಲ್ಲಿ ಒಬ್ಬರಿಗೂ ಹೆಸರು ಗೊತ್ತಿಲ್ಲ. ಶಾಂತಲೆಯ ಪಾತ್ರ ಹುಡುಕುವ ನಮ್ಮ ನಾಯಕಿಯರು ಈ ಹೆಸರನ್ನೂ ಬರೆದಿಟ್ಟುಕೊಳ್ಳಲಿ.

ಮಲ್ಲಿಗೆಯ ಬೇರು

ಈಗ ಅಸಲಿ ವಿಷಯಕ್ಕೆ ಬರುತ್ತೇನೆ. ನಾನು ಕಿಕ್ಕೇರಿಯಲ್ಲಿ ಇಳಿದದ್ದು ಗುಡಿಗಾಗಿ ಮಾತ್ರವಲ್ಲ.

1915ರ ಜನವರಿ 26ರಂದು ಈ ಊರಿನಲ್ಲಿ ಒಂದು ಮಗು ಹುಟ್ಟಿತು. ಕಿಕ್ಕೇರಿ ಸುಬ್ಬರಾಯ ನರಸಿಂಹಸ್ವಾಮಿ. ಅಂದರೆ ನಮ್ಮ ಕೆ.ಎಸ್.ನ.! 1942ರಲ್ಲಿ 'ಮೈಸೂರ ಮಲ್ಲಿಗೆ' ಅಂತ ಒಂದು ತೆಳ್ಳನೆ ಪದ್ಯದ ಪುಸ್ತಕ ತಂದರು. ಅಲ್ಲಿಂದೀಚೆಗೆ ಕನ್ನಡದಲ್ಲಿ ಪ್ರೀತಿ ಮಾಡಿದವರೆಲ್ಲಾ ಅವರಿಗೆ ಸಾಲಗಾರರು. ಮುದ್ರಣದ ಮೇಲೆ ಮುದ್ರಣ ಕಂಡ ಪುಸ್ತಕ ಅದು. ಮದುವೆಗೆ ಉಡುಗೊರೆಯಾಗಿ ಕೊಡುವ ಪುಸ್ತಕ ಕನ್ನಡದಲ್ಲಿ ಬೇರೆ ಯಾವುದಿದೆ ಹೇಳಿ? ಇಷ್ಟಾಗಿ ಕಾಲೇಜು ಓದನ್ನು ಅರ್ಧಕ್ಕೆ ಬಿಟ್ಟು ಸರ್ಕಾರಿ ಗುಮಾಸ್ತಿಕೆಗೆ ಸೇರಿದ ಮನುಷ್ಯ. (ಪಿಯುಸಿಗೇ ಶರಣು ಹೊಡೆದ ನನ್ನಂಥವನಿಗೆ ಇದರಿಂದ ಎಷ್ಟು ಸಮಾಧಾನವೆಂದು ಹೇಳತೀರದು!)

ಆ ಪದ್ಯಗಳಲ್ಲಿ ಹಿಮದ ಬೆಟ್ಟವಿಲ್ಲ. ಹುಡುಗಿಯನ್ನು ಓಡಿಸಿಕೊಂಡು ಹೋಗುವುದಿಲ್ಲ. ಮದುವೆಯಾದ ಗಂಡ-ಹೆಂಡತಿ, ತವರು, ಮಾವನ ಮನೆಯ ಪಡಸಾಲೆ, ಬಾಗಿಲಿಗೆ ಬರುವ ಬಳೆಗಾರ, ಮುಡಿಯ ಮಲ್ಲಿಗೆ. ಲೊಕೇಶನ್ ಖರ್ಚು ಸೊನ್ನೆ! ಆದರೂ ಎಂಬತ್ತು ವರ್ಷದಿಂದ ಜನ ಹಾಡುತ್ತಲೇ ಇದ್ದಾರೆ. ಸ್ವಿಟ್ಜರ್‌ಲ್ಯಾಂಡಿನಲ್ಲಿ ತೆಗೆದ ನಮ್ಮ ಎಷ್ಟು ಡ್ಯೂಯೆಟ್ಟುಗಳು ಮುಂದಿನ ಶುಕ್ರವಾರದವರೆಗೆ ಬಾಯಲ್ಲಿ ನಿಲ್ಲುತ್ತವೆ?

ಟಿ.ಎಸ್. ನಾಗಾಭರಣ ಆ ಕವಿತೆಗಳನ್ನೇ ಪೋಣಿಸಿ 'ಮೈಸೂರು ಮಲ್ಲಿಗೆ' ಚಿತ್ರ ಮಾಡಿದರು. 1992ರಲ್ಲಿ ತೆರೆಗೆ ಬಂತು. ಸುಧಾರಾಣಿ, ಆನಂದ್, ಗಿರೀಶ್ ಕಾರ್ನಾಡ್. ಸಂಗೀತ ಸಿ. ಅಶ್ವಥ್. 39ನೇ ರಾಷ್ಟ್ರಪ್ರಶಸ್ತಿಗಳಲ್ಲಿ ಕನ್ನಡದ ಅತ್ಯುತ್ತಮ ಚಿತ್ರ ಅದೇ. ಅತ್ಯುತ್ತಮ ಗೀತರಚನೆಕಾರ ಪ್ರಶಸ್ತಿ ಯಾರಿಗೆ ಬಂತು ಗೊತ್ತೇ? ಎಪ್ಪತ್ತೈದು ದಾಟಿದ ಕೆ.ಎಸ್.ನ. ಅವರಿಗೆ! ಪುಸ್ತಕ ಬಂದು ಸುಮಾರು ಐವತ್ತು ವರ್ಷವಾದ ಮೇಲೆ, ಇಡೀ ಇಂಡಿಯಾದ ಚಿತ್ರಸಾಹಿತಿಗಳನ್ನೆಲ್ಲಾ ಹಿಂದೆ ಹಾಕಿ! 2003ರ ಡಿಸೆಂಬರಿನಲ್ಲಿ ಅವರು ತೀರಿಕೊಂಡರು.

ಊರಿನಲ್ಲಿ ಅವರ ಹೆಸರು ಎಲ್ಲರಿಗೂ ಗೊತ್ತು. "ಸ್ಕೂಲಲ್ಲಿ ಪದ್ಯ ಇತ್ತು ಸಾ," ಅಂದರು ಆ ಹುಡುಗರು. ಒಬ್ಬ ಅಶ್ವಥ್ ದನಿಯನ್ನು ಅನುಕರಿಸಿ ಎರಡು ಸಾಲು ಎಳೆದೂ ತೋರಿಸಿದ. ದನಿ ಪರವಾಗಿರಲಿಲ್ಲ.

ಅದೇ ಹುಡುಗ ಕೇಳಿದ: "ನೀವು ಬರೆದ್ರೆ ಇಲ್ಲಿಗೆ ಶೂಟಿಂಗ್ ಬತ್ತದಾ ಸಾ?"

ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಬೇಡ ಅನ್ನಲು ನನಗೆ ಬಾಯಿಲ್ಲ, ನನ್ನ ಅನ್ನವೇ ಸಿನಿಮಾ. ಶೂಟಿಂಗ್ ಬಂದರೆ ನಾಲ್ಕು ಜನರಿಗೆ ಊಟ, ಟೀ ಅಂಗಡಿಗೆ ವ್ಯಾಪಾರ, ಈ ಹುಡುಗರಿಗೆ ಗುಂಪಿನಲ್ಲಿ ನಿಲ್ಲುವ ಭಾಗ್ಯ. ಆದರೆ ಕಂಬಕ್ಕೆ ಲೈಟು ಕಟ್ಟುತ್ತಾರೆ, ನಂದಿಯ ಬೆನ್ನ ಮೇಲೆ ಟ್ರೈಪಾಡ್ ಇಡುತ್ತಾರೆ, ಹಾಡು ಹಿಟ್ಟಾದರೆ ಹಿಂದೆಯೇ ಅಭಿಮಾನಿ ದೇವರುಗಳು ಬಂದು ಕಲ್ಲಿನ ಮೇಲೆ ಬಾಣ ಚುಚ್ಚಿದ ಹೃದಯ ಕೆತ್ತುತ್ತಾರೆ. ಮದನಿಕೆಯ ಕೈ ಮುರಿದರೆ ಡೂಪ್ ಹಾಕಲು ಬರುವುದಿಲ್ಲ. ಹಾಗಂತ ಯಾರೂ ಬಾರದೆ ಬಿಟ್ಟರೂ ಕಷ್ಟವೇ. ನೋಡುವವರಿಲ್ಲದ ಗುಡಿಗೆ ಬೀಗವೇ ಭಕ್ತ.

"ಬತ್ತದೋ ಇಲ್ವೋ ಗೊತ್ತಿಲ್ಲ. ಬಂದ್ರೆ ನೀವಿಬ್ರೂ ಕಾವಲು ನಿಂತ್ಕೊಬೇಕು," ಅಂದೆ. ಇಬ್ಬರೂ ನಕ್ಕರು.

ಹೊತ್ತಿರುವಾಗಲೇ ಗೋವಿಂದನಹಳ್ಳಿಗೂ ಹೋಗಿಬಂದೆ. ಅಲ್ಲಿ ಪಂಚಲಿಂಗೇಶ್ವರನ ಗುಡಿ, ಒಂದೇ ಸಾಲಿನಲ್ಲಿ ಐದು ಗರ್ಭಗುಡಿ, ಐದು ಗೋಪುರ. ಹೊಯ್ಸಳರಲ್ಲಿ ಇಂಥದ್ದು ಬಲು ಅಪರೂಪ. ಕೆಲಸ ಮಾಡಿದ ಶಿಲ್ಪಿಗಳಲ್ಲಿ ರೂವಾರಿ ಮಲ್ಲಿತಮ್ಮನ ಹೆಸರಿದೆ. ಸೋಮನಾಥಪುರದಲ್ಲಿ ಕೈಚಳಕ ತೋರಿಸಿದ ಅದೇ ಮಲ್ಲಿತಮ್ಮ. ಸಂಜೆ ಬಿಸಿಲು ಐದೂ ಗೋಪುರದ ಮೇಲೆ ಬಿದ್ದಿತ್ತು. ಯಾವ ಛಾಯಾಗ್ರಾಹಕ ಕಂಡರೂ ಕೈ ತುರಿಸುತ್ತಿತ್ತು.

ನೀವು ಹೋಗುವುದಾದರೆ ಇಷ್ಟು ನೆನಪಿಡಿ. ಕೆ.ಆರ್.ಪೇಟೆಯಲ್ಲಿ ಬೆಳಿಗ್ಗೆ ಬೇಗ ಇಳಿಯಿರಿ. ಹೊಸಹೊಳಲು ಮೊದಲು, ಬಿಸಿಲೇರುವ ಮುಂಚೆ. ಕಿಕ್ಕೇರಿಯ ಗುಡಿಯೊಳಗೆ ಟಾರ್ಚು ಬೇಕು, ಮೊಬೈಲಿನದಾದರೂ ಸರಿ, ಆದರೆ ಮೊದಲು ಐದು ನಿಮಿಷ ಅದನ್ನು ಹಚ್ಚಬೇಡಿ. ಬಾಗಿಲು ಹಾಕಿದ್ದರೆ ಊರಲ್ಲಿ ಯಾರನ್ನಾದರೂ "ಅಣ್ಣಾ, ಬೀಗದ ಕೈ ಯಾರತ್ರ?" ಎಂದು ಕೇಳಿ. ಮರ್ಯಾದೆಯಿಂದ ಕೇಳಿದವನಿಗೆ ಇಲ್ಲ ಅನ್ನುವ ಊರಲ್ಲ ಅದು. ಕೆರೆ ಏರಿಯ ಮೇಲೆ ಆಡು ಮೇಯಿಸುವ ತಾತ ಸಿಕ್ಕರೆ ಒಂದು ಬೀಡಿ ಕಟ್ಟು ಕೊಡಿ. ನನ್ನ ಹತ್ತಿರ ಇರಲಿಲ್ಲ, ಬೇಜಾರು ಮಾಡಿಕೊಂಡರು.